ಬೆರಳ ತುದಿಯ ವಿದ್ಯೆ

1908ನೆಯ ಇಸವಿ ಡಿಸೆಂಬರ್ 28. ಇಟಲಿ ದೇಶದ ದಕ್ಷಿಣದಲ್ಲಿ, ಸಿಸಿಲಿ ದ್ವೀಪದ ಕಡಲ ತಡಿಯಲ್ಲಿರುವ ಮೆಸ್ಸಿನಾ ನಗರ ಇನ್ನೂ ನಿದ್ದೆಯಿಂದ ಎಚ್ಚೆತ್ತಿರಲಿಲ್ಲ. ಬೆಳಗಿನ ಜಾವ ಐದು ಗಂಟೆ ದಾಟಿತ್ತಷ್ಟೆ. ಇದ್ದಕ್ಕಿದ್ದಂತೆ ಭೂಮಿ ನಡುಗಿತು. ಒಂದು ನಿಮಿಷವೂ ತುಂಬುವ ಮೊದಲೇ ನಗರದ ಬಹುಭಾಗ ಕಲ್ಲುಮಣ್ಣಿನ ರಾಶಿಯಾಯಿತು. ಸ್ವಲ್ಪ ಹೊತ್ತಿನಲ್ಲಿಯೇ ಸಮುದ್ರ ಉಕ್ಕಿ ಬಂದು ಅಳಿದುಳಿದುದನ್ನೂ ಕೊಚ್ಚಿಕೊಂಡು ಹೋಯಿತು. ಮೆಸ್ಸಿನಾದಲ್ಲಿಯೂ ಜಲಸಂಧಿಯ ಆಚೆ ದಡದ ಊರುಗಳಲ್ಲಿಯೂ ಸೇರಿ 75,000ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಆ ಹಾಳು ಗೋಡೆಗಳ ನಡುವೆ ಕೆಲವು ಎಳೆಯ ಮಕ್ಕಳು ಬದುಕಿ ಉಳಿದಿದ್ದರು. ಅವರಲ್ಲಿ ಸುಮಾರು 60 ಮಂದಿಗೆ ರೋಮ್ ನಗರದ ಜೂಸ್ತಿ ಬೀದಿಯಲ್ಲಿದ್ದ ಫ್ರಾನ್ಸಿಸ್ಕನ್ ಸಂನ್ಯಾಸಿನಿಯರ ಮಠದಲ್ಲಿ ಆಶ್ರಯ ದೊರೆಯಿತು. ನಮ್ಮ ನಾಡಿನಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನೆಲ್ಲ 'ಕಾನ್ವೆಂಟ್' ಎಂದು ಕರೆಯುವ ರೂಢಿಯಿದೆ. ಆ ಶಬ್ದದ ಮೂಲಾರ್ಥ ಇಂಥ ಕಥೋಲಿಕ ಸಂನ್ಯಾಸಿನಿಯರ ಮಠ ಎಂದೇ.

ಮಠಕ್ಕೆ ಬಂದ ಆ ಮಕ್ಕಳ ಹೆಸರೇನು, ಅವರು ಯಾರ ಮನೆಯವರು ಎಂದು ಹೇಳುವವರು ಇರಲಿಲ್ಲ. ಅವರು ನಗುತ್ತಿರಲಿಲ್ಲ, ಮಾತನಾಡುತ್ತಿರಲಿಲ್ಲ. ಅವರಿಗೆ ಉಣ್ಣಿಸುವುದೇ ಕಷ್ಟ, ಮಲಗಿಸುವುದು ಇನ್ನೂ ಕಷ್ಟ. ರಾತ್ರಿಯೆಲ್ಲ ಅಳುವಿನ ದನಿ ಕೇಳಿಬರುತ್ತಿತ್ತು. ಸಂನ್ಯಾಸಿನಿಯರಲ್ಲಿ ಕರುಣೆಗೆ ಕೊರತೆಯಿರಲಿಲ್ಲ. ಆದರೆ ಸಮಾಧಾನದ ಮಾತು ಮಕ್ಕಳ ಕಿವಿಯನ್ನು ಮುಟ್ಟಿದರೂ ಮನಸ್ಸನ್ನು ಮುಟ್ಟುತ್ತಿರಲಿಲ್ಲ. ಹಾಗಾದರೆ ಆ ಎಳೆಯ ಮನಸ್ಸುಗಳ ಒಳಹೊಗಲು ದಾರಿ ಯಾವುದು?

ಆ ದಾರಿಯನ್ನು ತೋರಿಸಿದವರು ಡಾಕ್ಟರ್ ಮಾರಿಯಾ ಮಾಂಟೆಸ್ಸರಿ. 1870ರಲ್ಲಿ ಜನಿಸಿದ ಅವರು, ಹೆಣ್ಣುಮಕ್ಕಳು ವೈದ್ಯಶಾಸ್ತ್ರವನ್ನು ಓದುವುದೇ ಅಪರೂಪವಾಗಿದ್ದ ಕಾಲದಲ್ಲಿ, 1896ರಲ್ಲಿ ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿ ಪಡೆದಿದ್ದರು. ಬುದ್ಧಿಮಾಂದ್ಯರೆಂದು ಸಮಾಜ ಕೈಬಿಟ್ಟಿದ್ದ ಮಕ್ಕಳೂ ಕೈಗೆ ತಕ್ಕ ವಸ್ತುಗಳನ್ನು ಕೊಟ್ಟರೆ ಕಲಿಯಬಲ್ಲರು ಎಂಬುದನ್ನು ಅವರು ಕಂಡುಕೊಂಡಿದ್ದರು. 1907ರ ಜನವರಿ 6ರಂದು ರೋಮಿನ ಬಡವರ ಬಡಾವಣೆಯಾದ ಸಾನ್ ಲೊರೆಂಜೊದಲ್ಲಿ 'ಮಕ್ಕಳ ಮನೆ' ಎಂಬ ಶಾಲೆಯನ್ನು ತೆರೆದಿದ್ದರು.

ಆ ಶಾಲೆಯಲ್ಲಿ ಒಂದು ದಿನ ಮೂರು ವರ್ಷದ ಹುಡುಗಿಯೊಬ್ಬಳು ಮರದ ದಿಮ್ಮಿಯೊಂದನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ದಿಮ್ಮಿಯಲ್ಲಿ ಬೇರೆ ಬೇರೆ ಅಳತೆಯ ಕುಳಿಗಳು. ಒಂದೊಂದು ಕುಳಿಗೂ ಸರಿಹೊಂದುವ ಒಂದೊಂದು ಮರದ ಗಟ್ಟಿ. ಅವುಗಳನ್ನು ತೆಗೆದು, ಕಲಸಿ, ಮತ್ತೆ ಕುಳಿಗಳಲ್ಲಿ ಕೂರಿಸುವುದೇ ಅವಳ ಕೆಲಸ. ಸುತ್ತಲೂ ಉಳಿದ ಮಕ್ಕಳು ಹಾಡುತ್ತ ನಡೆದರು. ಅವಳನ್ನು ಕುರ್ಚಿಸಹಿತ ಎತ್ತಿ ಮೇಜಿನ ಮೇಲೆ ಇಟ್ಟರು. ಅವಳು ಕತ್ತೆತ್ತಿ ನೋಡಲಿಲ್ಲ. ನಲವತ್ತಕ್ಕೂ ಹೆಚ್ಚು ಸಲ ಅದೇ ಕೆಲಸವನ್ನು ಮಾಡಿ ಮುಗಿಸಿ, ದಣಿವಿನ ಬದಲು ಸಂತೋಷ ತುಂಬಿದ ಮುಖದಿಂದ ಎದ್ದಳು. ಕೈಗೆ ಒಪ್ಪುವ ಕೆಲಸ ದೊರೆತರೆ ಮಗುವಿನ ಮನಸ್ಸು ತಾನಾಗಿಯೇ ನೆಲೆಗೊಳ್ಳುತ್ತದೆ ಎಂಬುದು ಮಾಂಟೆಸ್ಸರಿಯವರಿಗೆ ಅಂದು ಸ್ಪಷ್ಟವಾಯಿತು.

ಇದೇ ತತ್ತ್ವದಂತೆ ಜೂಸ್ತಿ ಬೀದಿಯ ಮಠದಲ್ಲಿ ಅನಾಥ ಮಕ್ಕಳಿಗಾಗಿ ಶಾಲೆಯೊಂದು ಸಿದ್ಧವಾಯಿತು. ಮಕ್ಕಳೇ ಎತ್ತಿ ಇಡಬಹುದಾದ ಹಗುರವಾದ ಮೇಜುಗಳು, ಅವರ ಕೈಗೆ ಎಟುಕುವ ಕಪಾಟುಗಳು, ಬಣ್ಣಬಣ್ಣದ ಪೀಠೋಪಕರಣಗಳು, ಹೂಜಿಗಳಲ್ಲಿ ಹೂವುಗಳು. ಊಟದ ಮೇಜನ್ನು ಅಣಿಗೊಳಿಸುವುದು, ತುಂಬಿದ ತಟ್ಟೆಯನ್ನು ಚೆಲ್ಲದಂತೆ ಹೊತ್ತು ತರುವುದು, ಇತರರಿಗೆ ಬಡಿಸುವುದು, ಎಲ್ಲವೂ ಮಕ್ಕಳ ಪಾಲಿನ ಪಾಠಗಳಾದವು.

ಇಂಥ ಶಾಲೆಗಳಲ್ಲಿ ಗುಂಡಿ ಹಾಕುವುದನ್ನೂ ಲಾಡಿ ಕಟ್ಟುವುದನ್ನೂ ಕಲಿಯಲು ಬಟ್ಟೆ ಬಿಗಿದ ಮರದ ಚೌಕಟ್ಟುಗಳಿರುತ್ತವೆ. ಎಣಿಕೆಯನ್ನು ಕಲಿಯಲು ಮಣಿಗಳುಂಟು. ಒಂದು ಮಣಿ, ಹತ್ತು ಮಣಿಗಳ ಸರ, ನೂರು ಮಣಿಗಳ ಚೌಕ, ಸಾವಿರ ಮಣಿಗಳ ಘನ. ಸಾವಿರವೆಂದರೆ ಎಷ್ಟೆಂಬುದನ್ನು ಮಗು ಕೈಯಲ್ಲಿ ಹಿಡಿದು, ಅದರ ಭಾರದಿಂದಲೇ ತಿಳಿಯುತ್ತದೆ. ಅಕ್ಷರಗಳನ್ನು ಬಡಗಿಗಳು ಬಳಸುವ ಉಪ್ಪುಕಾಗದದಿಂದ ಕತ್ತರಿಸಿ ನುಣುಪಾದ ಹಲಗೆಗಳ ಮೇಲೆ ಅಂಟಿಸಿರುತ್ತಾರೆ. ಮಗು ಅದರ ಮೇಲೆ ಬೆರಳಾಡಿಸುತ್ತ ಆ ಅಕ್ಷರದ ಧ್ವನಿಯನ್ನು ನುಡಿಯುತ್ತದೆ. ಬೆರಳು ದಾರಿ ತಪ್ಪಿದರೆ ನುಣುಪು ತಗಲಿ ತಪ್ಪು ತಾನೇ ತಿಳಿಯುತ್ತದೆ. ಗದರಿಸುವ ಅಗತ್ಯ ಬೀಳುವುದಿಲ್ಲ. ಕನ್ನಡ ನಾಡಿನ ಹಳೆಯ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದನ್ನು ಇಲ್ಲಿ ನೆನೆಯಬಹುದು. ಕಣ್ಣಿಗಿಂತ ಮೊದಲು ಬೆರಳು ಅಕ್ಷರವನ್ನು ಅರಿಯುತ್ತದೆ ಎಂಬ ತಿಳಿವಳಿಕೆ ದೂರ ದೂರದ ಎರಡು ನಾಡುಗಳಲ್ಲಿಯೂ ಇತ್ತು.

ಈ ಪದ್ಧತಿಯಲ್ಲಿ ಅತ್ಯಂತ ಕಠಿಣವಾದ ಪಾಠ ಮಕ್ಕಳದಲ್ಲ, ಶಿಕ್ಷಕರದು. ಪುಟ್ಟ ಕೈಗಳು ಗುಂಡಿಯೊಂದಿಗೆ ಹೆಣಗುತ್ತಿರುವಾಗ ತಾವೇ ಹಾಕಿಬಿಡೋಣ ಎಂದು ಹಿರಿಯರಿಗೆ ಅನಿಸುವುದು ಸಹಜ. ಆದರೆ ಆ ಅವಸರದ ನೆರವು ಮಗುವಿನಿಂದ ಗೆಲುವೊಂದನ್ನು ಕಸಿದುಕೊಳ್ಳುತ್ತದೆ. ಎಲ್ಲವನ್ನೂ ಕಳೆದುಕೊಂಡ ಮಕ್ಕಳನ್ನು ಕಂಡಾಗ ಎತ್ತಿ ಮುದ್ದಿಸಿ ಎಲ್ಲವನ್ನೂ ಮಾಡಿಕೊಡಬೇಕೆಂದು ಯಾರಿಗೆ ತಾನೆ ಅನಿಸದು? ಅಂಥ ಮಕ್ಕಳ ಎದುರಿನಲ್ಲಿಯೂ ಒಂದು ಸಲ ನಿಧಾನವಾಗಿ ಮಾಡಿ ತೋರಿಸಿ, ಅನಂತರ ಕೈಕಟ್ಟಿ ನಿಂತು ಕಾಯಲು ಬಹಳ ತಾಳ್ಮೆ ಬೇಕು. ಕರುಣೆ ಎಂಬುದಕ್ಕೆ ಅಲ್ಲಿ ಹೊಸದೊಂದು ಅರ್ಥ ಬಂತು.

ಅದರ ಫಲ ಮೆಲ್ಲಮೆಲ್ಲನೆ ಕಾಣಿಸಿಕೊಂಡಿತು. ಮೊದಲು ಹಸಿವು ಮರಳಿತು, ಬಳಿಕ ನಿದ್ದೆ. ಒಂದು ದಿನ ಎಲ್ಲವೂ ಕುಸಿದು ಬಿದ್ದುದನ್ನು ಕಂಡಿದ್ದ ಮಕ್ಕಳು, ಈಗ ಕೋಣೆಯ ಮೇಜು ಕುರ್ಚಿಗಳನ್ನು ತಾವೇ ಹೊತ್ತು, ಎಲ್ಲಿಯೂ ತಾಗಿಸದೆ, ಒಂದನ್ನೂ ಕೆಡವದೆ, ತೋಟದ ಮರಗಳ ನೆರಳಿಗೆ ಸಾಗಿಸುತ್ತಿದ್ದರು. ಅವರ ಮುಖದಲ್ಲಿ ನಗುವಿತ್ತು.

ಮುಂದೆ ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ ಮಾಂಟೆಸ್ಸರಿಯವರು ಧರ್ಮಬೋಧನೆಯನ್ನೂ ಇದೇ ರೀತಿಯಲ್ಲಿ ನಡೆಸಿದರು. ಕಥೋಲಿಕರ ಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸಗಳಿಗೆ ಪವಿತ್ರ ಸ್ಥಾನವಿದೆ. ಅಲ್ಲಿನ ಮಕ್ಕಳು ಅದಕ್ಕಾಗಿ ಗೋಧಿಯನ್ನೂ ದ್ರಾಕ್ಷಿಯನ್ನೂ ತಾವೇ ಬೆಳೆಸಿದರು. ನಂಬಿಕೆಯ ಪಾಠವೂ ಹೀಗೆ ಮಣ್ಣು ಮುಟ್ಟಿದ ಕೈಗಳ ಮೂಲಕವೇ ಸಾಗಿತು.

1939ರಲ್ಲಿ, ತಮ್ಮ 69ನೆಯ ವಯಸ್ಸಿನಲ್ಲಿ, ಮಾಂಟೆಸ್ಸರಿಯವರು ಮದರಾಸಿನ ಅಡ್ಯಾರಿಗೆ ಬಂದರು. ಅಲ್ಲಿ ಅವರು ನಡೆಸಿದ ಮೊದಲ ತರಬೇತಿಯಲ್ಲಿ ಸುಮಾರು 300 ಮಂದಿ ಭಾಗವಹಿಸಿದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿದ್ದುದರಿಂದ ಕೆಲವು ತಿಂಗಳಿಗೆಂದು ಬಂದವರು 1946ರವರೆಗೆ ಭಾರತದಲ್ಲಿಯೇ ಉಳಿದು ಶಿಕ್ಷಕರಿಗೆ ತರಬೇತಿ ನೀಡಿದರು. 1952ರಲ್ಲಿ ಅವರು ತೀರಿಕೊಂಡರು. ಇಂದು ಬೆಂಗಳೂರು ಮುಂತಾದ ನಗರಗಳಲ್ಲಿ ಅವರ ಹೆಸರಿನ ಪದ್ಧತಿಯನ್ನು ಅನುಸರಿಸುವ ಶಾಲೆಗಳು ಹಲವಾರಿವೆ.

'ನೋಡಿ ತಿಳಿ, ಮಾಡಿ ಕಲಿ' ಎಂಬುದು ಕನ್ನಡದಲ್ಲಿ ಬಳಕೆಯಲ್ಲಿರುವ ಮಾತು. ಅದನ್ನು ಶಾಲೆಯ ಗೋಡೆಯ ಮೇಲೆ ಬರೆದಿಡುವುದು ಸುಲಭ. ತನಗಿಂತ ಕಿರಿಯರು ಒಂದು ಕೆಲಸದಲ್ಲಿ ತಡವರಿಸುತ್ತಿರುವಾಗ ಅದನ್ನು ಕಸಿದುಕೊಳ್ಳದೆ, ನಗದೆ, ಪಕ್ಕದಲ್ಲಿ ಕಾದು ನಿಲ್ಲುವುದು ಕಷ್ಟ. ಹಾಗೆ ಕಾದು ನಿಂತವರ ಎದುರಿನಲ್ಲಿಯೇ ಮೆಸ್ಸಿನಾದ ಮಕ್ಕಳು ಮತ್ತೆ ನಗಲು ಕಲಿತರು.