ಹುಣಸೆ ಬೀಜಗಳಲ್ಲಿ ಕೃತಕ ಬುದ್ಧಿಮತ್ತೆ: ಹತ್ತನೇ ತರಗತಿಯ ಒಂದು ಪಾಠಾನುಭವ

‘ಮಾನವನ ಕಣ್ಣು’ ಘಟಕದ ನನ್ನ ಪಾಠ ಯೋಜನೆಯಲ್ಲಿ ಕೊನೆಯ ಹತ್ತು ನಿಮಿಷವನ್ನು ಹೊಸ ಸುದ್ದಿಗೆಂದು ಮೀಸಲಿಟ್ಟಿದ್ದೆ. ಸಕ್ಕರೆ ಕಾಯಿಲೆ ರೆಟಿನಾದ ಸಣ್ಣ ರಕ್ತನಾಳಗಳನ್ನು ಹಾಳುಮಾಡುತ್ತದೆ. ಆರಂಭದಲ್ಲಿ ನೋವಿಲ್ಲ, ದೃಷ್ಟಿಯೂ ಕುಂದುವುದಿಲ್ಲ. ಇದನ್ನು ಫೋಟೊ ನೋಡಿಯೇ ಗುರುತಿಸುವಂತೆ ಗೂಗಲ್ ಸಂಶೋಧಕರು ಒಂದು ಗಣಕ ವ್ಯವಸ್ಥೆಗೆ ಕಲಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಲಿಸಲು ಬಳಸಿದ ಚಿತ್ರಗಳು 1,28,175. ಅವು ಅಮೆರಿಕದಿಂದಲೂ ಭಾರತದ ಮೂರು ಕಣ್ಣಾಸ್ಪತ್ರೆಗಳಿಂದಲೂ ಬಂದವು. ಮೂರರಲ್ಲಿ ಒಂದು ಬೆಂಗಳೂರಿನ ನಾರಾಯಣ ನೇತ್ರಾಲಯ. ಯಂತ್ರಕ್ಕೆ ಯಾರೂ ನಿಯಮ ಹೇಳಿಕೊಡಲಿಲ್ಲ. ವೈದ್ಯರು ಗುರುತು ಹಾಕಿದ ಚಿತ್ರಗಳನ್ನು ತೋರಿಸುತ್ತ ಹೋದರು. ತಪ್ಪಿದಾಗಲೆಲ್ಲ ಅದು ತನ್ನೊಳಗಿನ ಲೆಕ್ಕವನ್ನು ತುಸು ತಿದ್ದಿಕೊಂಡಿತು.

ಇಷ್ಟು ಚೆನ್ನಾಗಿಯೇ ಹೋಯಿತು. ಆಮೇಲೆ ಉತ್ಸಾಹದಲ್ಲಿ, “ಯಂತ್ರಕ್ಕೆ ದಣಿವಿಲ್ಲ, ಹಾಗಾಗಿ ತಪ್ಪೂ ಇಲ್ಲ” ಎಂದುಬಿಟ್ಟೆ. ಮೂರನೇ ಬೆಂಚಿನ ಹುಡುಗಿ ಎದ್ದಳು. “ಮಿಸ್, ನಮ್ಮಜ್ಜಿಗೆ ಶಿಬಿರದಲ್ಲಿ ಏನೂ ಇಲ್ಲ ಅಂದಿದ್ರು. ಈಗ ಒಂದು ಕಣ್ಣು ಕಾಣಲ್ಲ.” ಅಲ್ಲಿ ನೋಡಿದ್ದು ಯಂತ್ರವಲ್ಲ, ಮನುಷ್ಯರೇ. ಆದರೂ ನನ್ನ ಬಳಿ ಉತ್ತರವಿರಲಿಲ್ಲ.

ಮರುದಿನ 100 ಹುಣಸೆ ಬೀಜ ಒಯ್ದೆ. ಹತ್ತಕ್ಕೆ ಅಡಿಯಲ್ಲಿ ಸೀಮೆಸುಣ್ಣದ ಗುರುತು: ಇವರು ರೋಗಿಗಳು. ಯಂತ್ರ ಹತ್ತು ರೋಗಿಗಳಲ್ಲಿ ಒಂಬತ್ತು ಜನರನ್ನು ಹಿಡಿಯುತ್ತದೆ, ಹತ್ತು ಆರೋಗ್ಯವಂತರಲ್ಲಿ ಒಬ್ಬರನ್ನು ತಪ್ಪಾಗಿ ಹಿಡಿಯುತ್ತದೆ ಎಂದಿಟ್ಟುಕೊಂಡೆವು. (ಇದು ತರಗತಿಯ ಊಹೆ, ಆ ಸಂಶೋಧನೆಯ ಅಂಕಿಯಲ್ಲ.) ಯಂತ್ರ ಎತ್ತಿಟ್ಟ ಬೀಜಗಳು 18. “ಇದರಲ್ಲಿ ನಿಜವಾದ ರೋಗಿಗಳೆಷ್ಟು?” ಎಂದರೆ ಹೆಚ್ಚಿನವರು ಹದಿನಾರು, ಹದಿನೇಳು ಎಂದರು. ತಿರುಗಿಸಿ ನೋಡಿದರೆ ಒಂಬತ್ತೇ! ಉಳಿದ 82ರ ರಾಶಿಯಲ್ಲಿ ಗುರುತಿನ ಬೀಜ ಒಂದು ಅಡಗಿತ್ತು. ಅದನ್ನು ಹುಡುಕಿ ತೆಗೆದವಳು ಅದೇ ಹುಡುಗಿ. “ಇದು ನಮ್ಮಜ್ಜಿ” ಎಂದಳು. ತರಗತಿ ಸುಮ್ಮನಾಯಿತು.

ಥಾಯ್ಲೆಂಡಿನ ಕ್ಲಿನಿಕ್‌ಗಳ ವಿಷಯವನ್ನು ಆಗಲೇ ಹೇಳಿದೆ. ಇಂಥದೇ ಗೂಗಲ್ ವ್ಯವಸ್ಥೆಯನ್ನು ಅಲ್ಲಿ ಬಳಸಿದಾಗ, ಕೋಣೆ ಸಾಕಷ್ಟು ಕತ್ತಲಾಗಿರದೆ ಫೋಟೊಗಳು ಮಸುಕಾಗಿ, ಐದರಲ್ಲಿ ಒಂದಕ್ಕಿಂತ ತುಸು ಹೆಚ್ಚು ಚಿತ್ರಗಳನ್ನು ಯಂತ್ರ ತಿರಸ್ಕರಿಸಿತು. ಕಲಿತದ್ದು ಒಳ್ಳೆಯ ಚಿತ್ರಗಳಲ್ಲಿ, ಕೆಲಸ ಮಾಡಬೇಕಾದದ್ದು ಇದ್ದ ಬೆಳಕಿನಲ್ಲಿ.

ವಿಜ್ಞಾನದ ಅವಧಿ ಗಣಿತಕ್ಕೆ ಹೋಯಿತೆಂದು ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಬರೆದಿದ್ದಾರೆ. ಒಪ್ಪುತ್ತೇನೆ, ಆದರೆ ಮತ್ತೆ ಪಾಠ ಮಾಡಿದರೂ ಬೀಜ ಬಿಡುವುದಿಲ್ಲ. ಮೌಲ್ಯಮಾಪನದ ಪ್ರಶ್ನೆಯನ್ನು ಮಾತ್ರ ಬದಲಿಸಿದೆ: ‘ಯಂತ್ರ ಸರಿಯಿದೆ ಎಂದ 82 ಜನರಿಗೆ ನೀವೇನು ಹೇಳುವಿರಿ?’ ಆ ಹುಡುಗಿಯ ಉತ್ತರ: “ಮುಂದಿನ ವರ್ಷವೂ ಬನ್ನಿ. ನಡುವೆ ಮಂಜಾದರೆ ಕಾಯಬೇಡಿ.”