ಒಣ ಮೆಣಸಿನಕಾಯಿಯ ನೇರ ಮಾರಾಟಕ್ಕೆ ಛಾಯಾಚಿತ್ರ: ಪೂರ್ವಸಿದ್ಧತೆಯ ಕ್ರಮಗಳು

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಖರೀದಿದಾರರು ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆದು ಪರೀಕ್ಷಿಸುವುದು ರೈತ ಬಾಂಧವರಿಗೆಲ್ಲ ತಿಳಿದ ವಿಷಯ. ಬಣ್ಣ ನೋಡುತ್ತಾರೆ, ಕಾಯಿ ಮುರಿದು ತೇವಾಂಶ ಅಂದಾಜು ಮಾಡುತ್ತಾರೆ, ಮೂಸಿ ನೋಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಹಾವೇರಿ ಜಿಲ್ಲೆಯ ಕೆಲವು ರೈತ ಕುಟುಂಬಗಳೂ ಮಹಿಳಾ ಸ್ವಸಹಾಯ ಸಂಘಗಳೂ ಒಣಕಾಯಿ ಹಾಗೂ ಖಾರದಪುಡಿಯನ್ನು ವಾಟ್ಸಾಪ್, ಇನ್‌ಸ್ಟಾಗ್ರಾಂಗಳ ಮೂಲಕ ದೂರದ ಊರುಗಳಿಗೆ ನೇರವಾಗಿ ಮಾರುತ್ತಿವೆ. ಅಲ್ಲಿನ ಗ್ರಾಹಕರು ಚೀಲಕ್ಕೆ ಕೈ ಹಾಕುವಂತಿಲ್ಲ. ಅವರ ಕೈ ಮಾಡಬೇಕಾದ ಕೆಲಸವನ್ನು ಛಾಯಾಚಿತ್ರವೇ ಮಾಡಬೇಕಾಗುತ್ತದೆ. ಆದ್ದರಿಂದ ಚಿತ್ರವನ್ನು ಮಾರುಕಟ್ಟೆಗೆ ಒಯ್ಯುವ ಮಾದರಿ ಎಂದೇ ತಿಳಿದು ಸಿದ್ಧಪಡಿಸತಕ್ಕದ್ದು.

ಒಂದು ಅನುಭವ

ಬ್ಯಾಡಗಿ ತಾಲ್ಲೂಕಿನ ಒಂದು ಮಹಿಳಾ ಸಂಘದವರು ರಾತ್ರಿ ಬಲ್ಬಿನ ಬೆಳಕಿನಲ್ಲಿ ಖಾರದಪುಡಿಯ ಚಿತ್ರ ತೆಗೆದು, ಫೋನಿನಲ್ಲಿಯೇ ಕೆಂಪನ್ನು ಹೆಚ್ಚಿಸಿ ಹಂಚಿದರು. ಚಿತ್ರ ನೋಡಿ ಮೆಚ್ಚಿದವರಲ್ಲಿ ನಾನೂ ಒಬ್ಬ. ಬೇಡಿಕೆಯೂ ಚೆನ್ನಾಗಿ ಬಂದಿತು. ಆದರೆ ಪುಡಿ ತಲುಪಿದ ಮೇಲೆ ಹಲವರು, "ಚಿತ್ರದ ಬಣ್ಣ ಇದರಲ್ಲಿಲ್ಲ, ಹಳೆಯ ಮಾಲು ಕಳಿಸಿದ್ದೀರಿ" ಎಂದು ದೂರಿದರು. ಕೆಲವರು ಹಿಂದಿರುಗಿಸಿದರು. ಪುಡಿ ಅದೇ ವಾರ ಬೀಸಿದ ಅಪ್ಪಟ ಬ್ಯಾಡಗಿ ಕಾಯಿಯದು, ದೋಷವಿದ್ದದ್ದು ಚಿತ್ರದಲ್ಲಿ. ಒಳ್ಳೆಯ ಮಾಲಿಗೆ ಕೆಟ್ಟ ಹೆಸರು ಬಂದ ಈ ಪ್ರಸಂಗದಿಂದ ನಾವೆಲ್ಲರೂ ಪಾಠ ಕಲಿತೆವು. ಮುಂದೆ ಅವರು ಹಗಲು ಬೆಳಕಿನಲ್ಲಿ ಬಣ್ಣ ತಿದ್ದದೆ ಚಿತ್ರ ತೆಗೆದರು. ಬೇಡಿಕೆ ನಿಧಾನವಾಗಿ ಬಂದರೂ ಆ ದೂರು ಮತ್ತೆ ಬರಲಿಲ್ಲ.

ಬಣ್ಣದ ಗುಣ ಅರಿಯುವುದು ಅವಶ್ಯ

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಮುಖ್ಯವಾಗಿ ಅದರ ಬಣ್ಣದಿಂದ, ಖಾರ ಕಡಿಮೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಕಾಯಿಯ ಕೆಂಪಿಗೆ ಕ್ಯಾಪ್ಸಾಂಥಿನ್ ಮೊದಲಾದ ವರ್ಣದ್ರವ್ಯಗಳು ಕಾರಣ. ಬೆಳಕು, ಗಾಳಿ ಮತ್ತು ಶಾಖದಿಂದ ಇವು ಕ್ರಮೇಣ ನಾಶವಾಗುತ್ತವೆ. ಇಡೀ ಕಾಯಿಗಿಂತ ಪುಡಿಯಲ್ಲಿ ಈ ನಷ್ಟ ಬೇಗ. ಇದರಿಂದ ಎರಡು ಸಂಗತಿ ಸ್ಪಷ್ಟವಾಗುತ್ತವೆ. ಮೊದಲನೆಯದು, ಚಿತ್ರಕ್ಕೆಂದು ಪುಡಿಯನ್ನು ಬಿಸಿಲಿನಲ್ಲಿ ಹರಡಿ ಇಡಬಾರದು; ಬೇಕಾದಷ್ಟನ್ನೇ ತೆಗೆದು, ಉಳಿದದ್ದನ್ನು ಮುಚ್ಚಿಡಬೇಕು. ಎರಡನೆಯದು, ಜನವರಿಯ ಹೊಸ ಕಾಯಿಯ ಚಿತ್ರ ತೋರಿಸಿ, ಎಂಟು ತಿಂಗಳು ಮನೆಯಲ್ಲಿಟ್ಟ ಕಾಯಿ ಮಾರಬಾರದು. ಮಾಲು ಬದಲಾದಂತೆ ಚಿತ್ರವೂ ಬದಲಾಗಬೇಕು.

ಬೆಳೆಯ ಕಾಲಕ್ಕೆ ಹೊಂದಿದ ಯೋಜನೆ

ವರ್ಷದ ಚಿತ್ರಗಳನ್ನೆಲ್ಲ ಒಂದೇ ದಿನ ತೆಗೆಯಲಾಗದು. ಮುಂಗಾರಿನಲ್ಲಿ ನಾಟಿ ಮಾಡಿದ ಬೆಳೆಯಲ್ಲಿ ಹೂವು, ಹಸಿರು ಕಾಯಿ, ಹಣ್ಣುಕಾಯಿಯ ಹಂತಗಳನ್ನು ಹೊಲದಲ್ಲಿಯೇ ತೆಗೆದಿಡಬೇಕು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಬಿಡಿಸುವಿಕೆ, ಒಣಗಿಸುವಿಕೆ ಮತ್ತು ತೊಟ್ಟು ತೆಗೆಯುವ ಕೆಲಸಗಳ ಚಿತ್ರಗಳಿಗೆ ಸಕಾಲ. ಒಣಗಿಸುವ ಚಿತ್ರದಲ್ಲಿ ಕಾಯಿ ಬರಿಯ ನೆಲದ ಮೇಲೋ ರಸ್ತೆಯ ಮೇಲೋ ಕಂಡರೆ ಗ್ರಾಹಕರು ಹಿಂಜರಿಯುತ್ತಾರೆ, ಅದು ನ್ಯಾಯವೂ ಹೌದು. ಸ್ವಚ್ಛವಾದ ತಾಡಪತ್ರಿ ಅಥವಾ ಸಿಮೆಂಟು ಕಣದ ಮೇಲೆ ಒಣಗಿಸಿ, ತೇವಾಂಶ ಶೇಕಡಾ 10ರ ಆಸುಪಾಸಿಗೆ ತಂದರೆ ಬೂಷ್ಟು ಮತ್ತು ಅಫ್ಲಾಟಾಕ್ಸಿನ್ ವಿಷದ ಭಯ ಕಡಿಮೆಯಾಗುತ್ತದೆ. ಚಿತ್ರವೂ ತಾನಾಗಿಯೇ ಚೆನ್ನಾಗಿ ಬರುತ್ತದೆ.

ಚಿತ್ರ ತೆಗೆಯುವ ದಿನದ ಕ್ರಮ

ಬೆಳಿಗ್ಗೆ 8ರಿಂದ 10 ಗಂಟೆಯೊಳಗೆ ಪಡಸಾಲೆಯ ನೆರಳಿನಲ್ಲಿ, ಬಾಗಿಲಿನ ಬೆಳಕು ಒಂದು ಪಕ್ಕದಿಂದ ಬೀಳುವಂತೆ ಮಾಲನ್ನಿಡಬೇಕು. ಮನೆಯೊಳಗಿನ ದೀಪ ಆರಿಸಬೇಕು. ಹಗಲು ಬೆಳಕೂ ಬಲ್ಬಿನ ಬೆಳಕೂ ಬೆರೆತರೆ ಬಣ್ಣ ಕೆಡುತ್ತದೆ. ಎದುರು ಪಕ್ಕದಲ್ಲಿ ಬಿಳಿಯ ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ನೆರಳಿನ ಕಪ್ಪು ತಿಳಿಯಾಗುತ್ತದೆ. ಹಿನ್ನೆಲೆಗೆ ಬಿಳಿಯ ಧೋತರ ಅಥವಾ ಬೂದು ಬಣ್ಣದ ಬಟ್ಟೆ ಸಾಕು. ಖಣದ ಬಟ್ಟೆ ಅಂದವಾದುದೇ. ಆದರೆ ಕೆಂಪು ಖಣದ ಮೇಲೆ ಕೆಂಪು ಕಾಯಿ ಕಾಣುವುದಿಲ್ಲ. ಫೋನಿನ ಮಸೂರವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿಕೊಳ್ಳಬೇಕು.

ಹಿಂದಿನ ದಿನವೇ ಈ ಪಟ್ಟಿಯನ್ನು ಬರೆದಿಟ್ಟುಕೊಳ್ಳುವುದು ಲೇಸು:

1. ಒಂದು ಹಿಡಿ ಕಾಯಿ, ಆರಿಸಿದ್ದಲ್ಲ, ಚೀಲದ ನಡುವಿನಿಂದ ತೆಗೆದದ್ದು.
2. ಅಂಗೈ ಮೇಲೆ ಒಂದೇ ಕಾಯಿ. ಉದ್ದವಾಗಿ, ತೆಳ್ಳಗೆ, ಸುಕ್ಕುಸುಕ್ಕಾಗಿರುವ ಕಡ್ಡಿ ಯಾವುದು, ಗಿಡ್ಡಗೆ ದುಂಡಾಗಿರುವ ಡಬ್ಬಿ ಯಾವುದು ಎಂದು ಇದರಿಂದ ತಿಳಿಯಬೇಕು.
3. ಮುರಿದ ಕಾಯಿ, ಒಳಗಿನ ಬೀಜ ಕಾಣುವಂತೆ.
4. ಬಿಳಿಯ ತಾಟಿನಲ್ಲಿ ಒಂದು ಚಮಚ ಪುಡಿ.
5. ಪೊಟ್ಟಣದ ಮುಂಭಾಗ ಮತ್ತು ಹಿಂಭಾಗ, ಅಕ್ಷರ ಓದಲು ಬರುವಂತೆ.
6. ಕೆಲಸ ಮಾಡುವವರ ಚಿತ್ರ, ಅವರ ಒಪ್ಪಿಗೆ ಪಡೆದು.

ಪ್ರತಿಯೊಂದನ್ನೂ ಅಡ್ಡ ಹಾಗೂ ಉದ್ದ ಎರಡೂ ರೀತಿಯಲ್ಲಿ ತೆಗೆಯಬೇಕು. ವಾಟ್ಸಾಪ್ ಸ್ಟೇಟಸ್ಸಿಗೆ ಉದ್ದನೆಯ ಚಿತ್ರವೇ ಹೊಂದುತ್ತದೆ. ತೆಗೆದ ಚಿತ್ರವನ್ನು ಫೋನಿನಲ್ಲಿ ನೋಡುತ್ತ, ಪಕ್ಕದಲ್ಲಿ ನಿಜವಾದ ಕಾಯಿ ಹಿಡಿದು ಹೋಲಿಸಬೇಕು. ಬಣ್ಣ ಹೊಂದದಿದ್ದರೆ ಮತ್ತೆ ತೆಗೆಯಬೇಕೇ ಹೊರತು ಕೆಂಪು ಏರಿಸಬಾರದು. ಕಾಯಿ ಹೊಳೆಯಲೆಂದು ಎಣ್ಣೆ ಸವರುವುದೂ ಸಲ್ಲದು.

ಇತರ ಪದಾರ್ಥಗಳಿಗೂ ಇದೇ ನಿಯಮ. ಹಾವೇರಿಯ ಏಲಕ್ಕಿ ಹಾರದ ಬಣ್ಣ ತಿಳಿಯಾದ್ದರಿಂದ ಹಿನ್ನೆಲೆ ಗಾಢವಾಗಿರಬೇಕು. ತೂಗುಹಾಕಿ ತೆಗೆದರೆ ಎಳೆಗಳ ಸಂಖ್ಯೆ ತಿಳಿಯುತ್ತದೆ. ರಾಣೇಬೆನ್ನೂರು ಕಡೆಯವರು ಖಡಕ್ ರೊಟ್ಟಿ ಮಾರುವುದಾದರೆ ಒಂದು ರೊಟ್ಟಿಯನ್ನು ಮುರಿದು, ಅದರ ತೆಳುವನ್ನು ತೋರಿಸಬೇಕು.

ಕಾನೂನಿನ ಮಾತು

ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ ಇರುವುದು ಅವಶ್ಯ. ಇವು ಇಲ್ಲದ ಪೊಟ್ಟಣದ ಚಿತ್ರ ತೆಗೆಯುವ ಮೊದಲು ಪೊಟ್ಟಣವನ್ನೇ ಸರಿಪಡಿಸಬೇಕು. ಭೌಗೋಳಿಕ ಸೂಚಿಕೆಯ ಮುದ್ರೆ ಬಳಸಲು 1999ರ ಕಾಯ್ದೆಯಂತೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಬೇರೆ ಕಡೆಯ ಕಾಯಿಗೆ ಬ್ಯಾಡಗಿಯ ಹೆಸರಿಡುವುದರಿಂದ ಇಲ್ಲಿನ ಎಲ್ಲ ಬೆಳೆಗಾರರಿಗೂ ಹಾನಿ.

ಒಟ್ಟಿನಲ್ಲಿ, ಒಂದು ಫೋನು, ಒಂದು ಬಿಳಿ ಬಟ್ಟೆ, ಬೆಳಗಿನ ಎರಡು ತಾಸು ಇದ್ದರೆ ಈ ಕೆಲಸ ಸಾಧ್ಯ. ಒಣಗಿಸುವಿಕೆ, ಶೇಖರಣೆಗಳ ಬಗ್ಗೆ ರೈತ ಬಾಂಧವರು ಹಾಗೂ ಭಗಿನಿಯರು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಚಿತ್ರ ನೋಡಿ ಕೊಂಡವರು ಪೊಟ್ಟಣ ಬಿಚ್ಚಿದಾಗ ಅದೇ ಬಣ್ಣ ಕಂಡರೆ, ಮುಂದಿನ ಸುಗ್ಗಿಗೆ ಅವರೇ ತಾವಾಗಿ ಕೇಳಿ ತರಿಸಿಕೊಳ್ಳುತ್ತಾರೆ.