ತೆರಿಗೆ ಗುಳ್ಳೆಗೋ ಸಕ್ಕರೆಗೋ?

ಪ್ರೀತಿಯ ಪುಟ್ಟಿ,

ಅರ್ಥಶಾಸ್ತ್ರ ಓದುವವಳು ಕೇಳಬೇಕಾದ ಪ್ರಶ್ನೆಯನ್ನೇ ಕಾಗದದಲ್ಲಿ ಕೇಳಿದ್ದೀಯ: ತಂಪು ಪಾನೀಯಕ್ಕೆ ತೆರಿಗೆ ಹಾಕಿದರೆ ಪೆಟ್ಟು ಬೀಳುವುದು ಬಡವರಿಗೇ ಅಲ್ಲವೇ?

ಮೆಕ್ಸಿಕೋ 2014ರ ಜನವರಿಯಲ್ಲಿ ಸಕ್ಕರೆ ಪಾನೀಯಕ್ಕೆ ಲೀಟರಿಗೆ 1 ಪೆಸೊ ತೆರಿಗೆ ಹಾಕಿತು. ಬೆಲೆ ಸುಮಾರು ಶೇ. 10ರಷ್ಟು ಏರಿತು. ತೆರಿಗೆ ಇಲ್ಲದಿದ್ದರೆ ಎಷ್ಟು ಮಾರಾಟವಾಗುತ್ತಿತ್ತೋ ಅದಕ್ಕಿಂತ ಮೊದಲ ವರ್ಷ ಶೇ. 5.5, ಎರಡನೆಯ ವರ್ಷ ಶೇ. 9.7 ಕಡಿಮೆಯಾಯಿತು. ಕೊಳ್ಳುವುದನ್ನು ಎಲ್ಲರಿಗಿಂತ ಹೆಚ್ಚು ತಗ್ಗಿಸಿದವರು ಬಡವರೇ. ಸಕ್ಕರೆ ಕಾಯಿಲೆ ಬಂದರೆ ಮಾತ್ರೆ, ಇನ್ಸುಲಿನ್, ತಪ್ಪಿದ ಕೂಲಿ, ಇವು ಯಾವುವೂ ಬಾಟಲಿಯ ಎಂಆರ್‌ಪಿಯಲ್ಲಿ ಇರುವುದಿಲ್ಲ. ಅದನ್ನೆಲ್ಲ ರೋಗಿಯ ಮನೆಯೂ ಸರ್ಕಾರಿ ಆಸ್ಪತ್ರೆಯೂ ಹೊರಬೇಕು. ಆ ಲೆಕ್ಕ ಸೇರಿಸದೆ ಬಡವರ ಪರ ವಾದಿಸಿದರೆ ಅದು ಅರ್ಧ ವಾದ, ಮಗಳೇ.

ನನಗೆ ಇನ್ನೂ ಇಷ್ಟವಾದದ್ದು ಬ್ರಿಟನ್ನಿನ ದಾರಿ. 2016ರ ಮಾರ್ಚ್‌ನಲ್ಲಿ ಘೋಷಿಸಿ, ಜಾರಿಗೆ ತಂದದ್ದು 2018ರ ಏಪ್ರಿಲ್‌ನಲ್ಲಿ. 100 ಮಿಲಿಲೀಟರಿನಲ್ಲಿ 5 ಗ್ರಾಮಿಗಿಂತ ಕಡಿಮೆ ಸಕ್ಕರೆ ಇದ್ದರೆ ತೆರಿಗೆಯೇ ಇಲ್ಲ. ಜಾರಿಗೆ ಬಂದಾಗ 5 ಮುಟ್ಟಿದರೆ ಲೀಟರಿಗೆ 18 ಪೆನ್ಸ್, 8 ಮುಟ್ಟಿದರೆ 24 ಪೆನ್ಸ್ ಇತ್ತು. ಕಂಪನಿಗಳು ಆ ಎರಡು ವರ್ಷ ಸುಮ್ಮನೆ ಕೂರಲಿಲ್ಲ, ಸಕ್ಕರೆಯನ್ನೇ ಇಳಿಸಿದವು. 2015ರಲ್ಲಿ ಅಲ್ಲಿನ ತಂಪು ಪಾನೀಯಗಳಲ್ಲಿ ಸುಮಾರು ಅರ್ಧದಷ್ಟು 5 ಗ್ರಾಮಿನ ಗೆರೆಯ ಮೇಲಿದ್ದವು. 2019ರ ಹೊತ್ತಿಗೆ ಉಳಿದದ್ದು ಶೇ. 15. ಮೊದಲ ವರ್ಷ 52 ಕೋಟಿ ಪೌಂಡ್ ಬರಬಹುದೆಂದು ಸರ್ಕಾರ ಅಂದುಕೊಂಡಿತ್ತು, ಆ ವರ್ಷ ಅದರ ಅರ್ಧವೂ ಬರಲಿಲ್ಲ. ಖಜಾನೆಗೆ ಬರದ ಆ ಹಣವೇ ಆ ತೆರಿಗೆಯ ಗೆಲುವು. ಕುಡಿಯುವವನು ಮನಸ್ಸು ಬದಲಿಸುವ ಮೊದಲೇ ಬಾಟಲಿಯೊಳಗಿನದು ಬದಲಾಗಿತ್ತು!

ಈಗ ನಮ್ಮಲ್ಲಿಗೆ ಬಾ. 2017ರಲ್ಲಿ ಜಿಎಸ್‌ಟಿ ಬಂದಾಗ ಗ್ಯಾಸ್ ತುಂಬಿದ ಪಾನೀಯಕ್ಕೆ ಶೇ. 28 ತೆರಿಗೆ, ಮೇಲೆ ಶೇ. 12 ಸೆಸ್. 2025ರ ಸೆಪ್ಟೆಂಬರ್ 22ರಿಂದ ಎರಡೂ ಸೇರಿ ನೇರ ಶೇ. 40. ದರ ಕಡಿಮೆಯೇನಲ್ಲ. ಆದರೆ ಸಕ್ಕರೆ ಬೆರೆಸಿದ್ದಕ್ಕೂ ಸಕ್ಕರೆಯೇ ಇಲ್ಲದ ಡಯಟ್ ಬಾಟಲಿಗೂ ಅದೇ ಶೇ. 40! ಗ್ಯಾಸ್ ಇಲ್ಲದ ಹಣ್ಣಿನ ಪಾನೀಯ, ಎಷ್ಟೇ ಸಕ್ಕರೆ ಸುರಿದಿದ್ದರೂ, ಶೇ. 5ರಲ್ಲಿ ಪಾರಾಗುತ್ತದೆ. ಹೀಗಿರುವಾಗ ಯಾವ ಕಂಪನಿ ಯಾಕಾಗಿ ಸಕ್ಕರೆ ಇಳಿಸೀತು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಬೆಂಬಲದ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚಿರುವ ದೇಶ ಇದು. ಇಂಥಲ್ಲಿ ತೆರಿಗೆ ಸಕ್ಕರೆಯನ್ನೇ ನೋಡದಿರುವುದು ನನಗೆ ನೋವು ತರುತ್ತದೆ.

ನಿನ್ನ ಸೆಮಿನಾರ್ ಪ್ರಬಂಧದಲ್ಲಿ ತೆರಿಗೆ ಬೇಕೋ ಬೇಡವೋ ಎಂಬಲ್ಲಿಗೇ ನಿಲ್ಲಬೇಡ. ಗ್ರಾಮಿನ ಲೆಕ್ಕದಲ್ಲಿ ತೆರಿಗೆ ಹಾಕಿದರೆ ನಮ್ಮ ಅಂಗಡಿಗಳ ಯಾವ ಬಾಟಲಿ ಎಷ್ಟಾಗುತ್ತದೆ ಎಂದು ಲೇಬಲ್ ಓದಿ ಪಟ್ಟಿ ಮಾಡು. ಹಣ್ಣಿನ ಚಿತ್ರವಿರುವವನ್ನು ಬಿಡಬೇಡ. ಬರೆದು ಮುಗಿಸಿದ ಮೇಲೆ ನನಗೂ ಒಂದು ಪ್ರತಿ ಕಳಿಸು.

ಇತಿ,
ನಿನ್ನ ದೊಡ್ಡಪ್ಪ